ಜಿಗಣಿ ಸೊಸೆಗೊಂದು ಮೈದಾನ

"ಏಳಿ ಮೇಲೆ! ಮೊದಲು ಏಳಿ ಅಂದೆ!"

ಲಿಖಿತ್ ಬೆಚ್ಚಿಬಿದ್ದ. ನೇಪಾಳದ ಪೋಖರಾದ ಶಾಲೆಯೊಂದರ ಮೈದಾನದ ಅಂಚಿನಲ್ಲಿ ಶೂ ಲೇಸು ಕಟ್ಟಿಕೊಳ್ಳಲು ಕೂತಿದ್ದವನ ಎದುರು, ಕೊರಳಲ್ಲಿ ವಿಷಲ್ ನೇತುಹಾಕಿಕೊಂಡ ಹುಡುಗಿಯೊಬ್ಬಳು ಕೆಂಡವಾಗಿ ನಿಂತಿದ್ದಳು. ಬೈಗುಳ ಹಿಂದಿಯಲ್ಲಿತ್ತು. ತಾನು ಮಾಡಿದ ತಪ್ಪೇನೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

"ನೀವು ಕೂತಿರೋದು ನನ್ನ ವಾಲಿಬಾಲ್ ಮೇಲೆ!"

ನೋಡಿದರೆ... ಹೌದು! ಲಿಖಿತ್‌ಗೆ ನಗು ಬಂತು. ಅವಳಿಗೆ ಬರಲಿಲ್ಲ. ಚೆಂಡನ್ನು ಕಿತ್ತುಕೊಂಡು, ಮಗುವಿನ ಮುಖ ಒರೆಸುವ ಹಾಗೆ ಅಂಗಿಯ ತೋಳಿನಿಂದ ಒರೆಸಿ, ಮಕ್ಕಳ ಕಡೆ ಓಡಿಬಿಟ್ಟಳು. ಆ ಒರೆಸುವ ರೀತಿ ನೋಡಿಯೇ ನಮ್ಮ ಹುಡುಗ ಬಿದ್ದುಹೋದ.

ಬೆಂಗಳೂರಿನ ಹೊರವಲಯದ ಜಿಗಣಿಯ ಕಾರ್ಖಾನೆಯೊಂದರ ಪರವಾಗಿ ಕಲ್ಲು ಕೊಯ್ಯುವ ಮೆಷಿನ್ ಕೂರಿಸಲು ಬಂದವನು ಅವನು. ಮೆಷಿನ್ ಕೂತ ಮೇಲೂ ಏನೇನೋ ನೆಪ ಹೇಳಿ ಅಲ್ಲೇ ಉಳಿದ. ಹುಡುಗಿಯ ಹೆಸರು ದಿಲ್‌ಮಾಯಾ ಗುರುಂಗ್. ಆ ಶಾಲೆಯ ಆಟದ ಟೀಚರ್.

"ನಿಮ್ಮೂರಿಗೆ ಬಂದು ನಾನೇನು ಮಾಡಲಿ? ನನಗೆ ಮೈದಾನ ಬೇಕು," ಎಂದಿದ್ದಳು, ಅವನು ಮದುವೆಯ ಮಾತೆತ್ತಿದಾಗ.

"ನಮ್ಮ ಕಡೆ ಬೀದಿಗೊಂದು ಶಾಲೆ! ನಿನ್ನಂಥ ಕೋಚ್ ಸಿಕ್ಕಿದ್ರೆ ಕಣ್ಣಿಗೊತ್ಕೋತಾರೆ. ನಾನು ಮಾತು ಕೊಡ್ತೀನಿ."

ಆ ಒಂದು ಮಾತನ್ನು ನಂಬಿ, ೨೦೧೩ರಲ್ಲಿ, ದಿಲ್‌ಮಾಯಾ ದೇಶ ಬಿಟ್ಟು ಬಂದಳು.

ಜಿಗಣಿಯಲ್ಲಿ ಅವಳು 'ಮಾಯಮ್ಮ' ಆದಳು. ಹಾಗೆ ಕರೆದವರು ಅತ್ತೆ ಭದ್ರಮ್ಮ. ಹೊಲ ಮಾರಿ, ಉಳಿದ ಜಾಗದಲ್ಲಿ ಸಾಲಾಗಿ ಬಾಡಿಗೆ ರೂಮು ಕಟ್ಟಿಸಿದ ಗಟ್ಟಿ ಹೆಂಗಸು. ಸೊಸೆಗೆ ಕನ್ನಡ ಕಲಿಸಿದ್ದೂ ಅವರೇ. ಹೀಗಾಗಿ ಮಾಯಾಳ ಬಾಯಲ್ಲಿ ಬಂದದ್ದು ಅಚ್ಚ ಆನೇಕಲ್ ಸೀಮೆಯ ಕನ್ನಡ. "ಇಂಗೆ", "ಅಂಗೆ" ಎಂದು 'ಹ'ಕಾರ ನುಂಗಿ ಅವಳು ಮಾತಾಡಿದರೆ ಬಾಡಿಗೆಯವರೆಲ್ಲ ಬೆರಗಾಗಿ ನಗುತ್ತಿದ್ದರು.

ಮೊದಲು ಹೋದ ಶಾಲೆಯ ಗೇಟಿನಲ್ಲಿ ವಾಚ್‌ಮನ್ ಅವಳನ್ನು ನೇಪಾಳಿಯಲ್ಲೇ ಮಾತಾಡಿಸಿದ. ಅವಳಿಗೆ ತವರಿನವರನ್ನು ಕಂಡಷ್ಟು ಖುಷಿ! ಮರುಗಳಿಗೆಯೇ ಅವನು, "ಆಯಾ ಕೆಲಸಕ್ಕಾದರೆ ಹಿಂದಿನ ಗೇಟಿಗೆ ಹೋಗು ಅಕ್ಕ," ಎಂದ.

ಅವಳು ಮುಂದಿನ ಗೇಟಿನಿಂದಲೇ ಒಳಗೆ ಹೋದಳು.

ಅಲ್ಲಿ ಇನ್ನೊಂದು ಪೇಚು. ಇಲ್ಲಿನ ಹೆಣ್ಣುಮಕ್ಕಳು ಆಡುವುದು ಥ್ರೋಬಾಲ್. ಚೆಂಡನ್ನು ಹಿಡಿಯಬೇಕು, ಹಿಡಿದು ಎಸೆಯಬೇಕು. ವಾಲಿಬಾಲ್‌ನಲ್ಲಿ ಹಿಡಿದರೆ ಫೌಲ್! 'ಹಿಡೀಬೇಡಿ' ಎಂದು ಮಕ್ಕಳಿಗೆ ಬೈದೇ ಬದುಕಿದವಳು ಈಗ 'ಬಿಡಬೇಡಿ' ಎನ್ನುವುದನ್ನು ಕಲಿತಳು. ಬಾಡಿಗೆ ರೂಮಿನ ಗಾರ್ಮೆಂಟ್ಸ್ ಹುಡುಗಿಯರನ್ನು ಭಾನುವಾರ ಖಾಲಿ ಸೈಟಿಗೆ ಎಳೆದೊಯ್ದು, ಅವರ ಹತ್ತಿರವೇ ಆಡಿ ಆಡಿ ಪಳಗಿದಳು.

ಆ ಶಾಲೆಯಲ್ಲಿ ಮಾಡಿ ತೋರಿಸಿದ ಡೆಮೊ ಕ್ಲಾಸ್ ಚೆನ್ನಾಗಾಯಿತು. "ಸೋಮವಾರದಿಂದ ಬನ್ನಿ ಮೇಡಂ," ಎಂದರು. ಮಾಯಾ ಹಾರಿಕೊಂಡು ಮನೆಗೆ ಬಂದಳು.

ಭಾನುವಾರ ಫೋನ್ ಬಂತು. "ಸಾರಿ ಮೇಡಂ... ಈ ವರ್ಷ ಆಗಲ್ಲ."

ಎಲೆಕ್ಟ್ರಾನಿಕ್ ಸಿಟಿಯ ಶಾಲೆಯಲ್ಲೂ ಅದೇ ಆಯಿತು. ಸರ್ಜಾಪುರದಲ್ಲೂ ಅದೇ. ಎದುರಿಗೆ 'ಬನ್ನಿ' ಅನ್ನುತ್ತಾರೆ, ಮನೆಗೆ ಬಂದ ಮೇಲೆ 'ಸಾರಿ' ಅನ್ನುತ್ತಾರೆ. ಕಾರಣ ಕೇಳಿದರೆ ಮಾತು ನುಂಗುತ್ತಾರೆ.

'ಯಾರೋ ನನ್ನ ಹಿಂದೆಯೇ ಬಂದು ಬಾಗಿಲು ಹಾಕುತ್ತಿದ್ದಾರೆ... ಯಾರು?'

ಅನುಮಾನ ಅತ್ತೆಯ ಮೇಲೆ ಹೋಯಿತು. ಹೋಗದೆ ಇನ್ನೇನು? ಸುತ್ತಮುತ್ತಲ ಅರ್ಧ ಶಾಲೆಗಳು ನಿಂತಿರುವುದು ಅವರ ಬಂಧುಬಳಗ ಮಾರಿದ ಜಾಗದಲ್ಲಿ. ಶಾಲೆಯ ಮಾಲೀಕರೆಲ್ಲ 'ಭದ್ರಮ್ಮೋರೇ' ಎಂದು ಕೈ ಮುಗಿಯುವವರು. ಮೊದಲ ದಿನ ಟ್ರ್ಯಾಕ್ ಪ್ಯಾಂಟ್ ನೋಡಿ, "ಇಂಗೇ ಓಗ್ತೀಯೇನವ್ವಾ ಬೀದೀಲಿ?" ಎಂದು ಅವರು ಮುಖ ಸಿಂಡರಿಸಿದ್ದೂ ಉಂಟು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಸಿಟ್ಟು ಕಟ್ಟೆಯೊಡೆಯಿತು.

"ನೀವೇ ಅಲ್ವಾ ಅತ್ತೆ? ಎಲ್ಲಾ ಶಾಲೆಗೂ ಏಳಿ ನನ್ ಕೆಲ್ಸ ತಪ್ಪಿಸ್ತಿರಾದು ನೀವೇ ಅಲ್ವಾ?"

ಭದ್ರಮ್ಮನ ಕೈಯಲ್ಲಿದ್ದ ಮುದ್ದೆ ತುತ್ತು ಹಾಗೇ ನಿಂತಿತು. "ನಾನ್ಯಾಕವ್ವಾ..."

"ನಾಟಕ ಆಡ್ಬ್ಯಾಡಿ!"

ಅಲ್ಲೇ ಕೂತಿದ್ದ ಲಿಖಿತ್ ತಲೆಯೆತ್ತಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಡ್ಯೂಟಿಗೆ ಹೊರಟುಹೋದ.

ಅಂದಿನಿಂದ ಒಂದೇ ಮನೆಯಲ್ಲಿ ಎರಡು ಒಲೆ ಉರಿಯತೊಡಗಿದವು. ಅತ್ತೆ ಮಾಡಿದ್ದನ್ನು ಸೊಸೆ ಮುಟ್ಟಲಿಲ್ಲ. 'ಮಾಯಮ್ಮ' ಎಂಬ ಕರೆಯೂ ನಿಂತುಹೋಯಿತು. ಲಿಖಿತ್ ಮಾತ್ರ ಹೆಂಡತಿಯ ತಲೆ ನೇವರಿಸಿ, "ಕೆಲ್ಸ ಇಲ್ದಿದ್ರೇನು ಬಿಡು, ನಾನಿದ್ದೀನಲ್ಲ," ಎನ್ನುತ್ತಿದ್ದ. ಅವಳು ಅವನ ಭುಜಕ್ಕೊರಗಿ ಅಳುತ್ತಿದ್ದಳು. ಅಯ್ಯೋ... ಅದೇ ಭುಜಕ್ಕೆ!

ಆನೇಕಲ್ ರಸ್ತೆಯ ಶಾಲೆಯೊಂದರ ಪ್ರಿನ್ಸಿಪಾಲ್ ಶ್ಯಾಮಲಾ. ಅವರ ಬಳಿಯೂ ಡೆಮೊ ಆಗಿತ್ತು. 'ಸಾರಿ' ಎಂಬ ಫೋನಿಗೆ ಮಾಯಾ ತಯಾರಾಗಿ ಕೂತಿದ್ದಳು. ಆದರೆ ಶ್ಯಾಮಲಾ ಅವಳನ್ನು ಶಾಲೆಗೇ ಕರೆಸಿದರು.

"ನೇರವಾಗಿ ಕೇಳ್ತೀನಿ. ನಿಮ್ಮನ್ನ ಪರ್ಮಿಟ್ ಇಲ್ದೆ ಕೆಲಸಕ್ಕಿಟ್ಕೊಂಡ್ರೆ ಪೊಲೀಸ್ ಕೇಸ್ ಆಗುತ್ತೆ ಅಂತ ಒಂದು ಫೋನ್ ಬಂತು. ನಾನು ವಿಚಾರಿಸಿದೆ. ನೇಪಾಳದವರಿಗೆ ಇಲ್ಲಿ ಕೆಲಸ ಮಾಡೋಕೆ ಪರ್ಮಿಟ್ಟೇ ಬೇಡವಂತೆ. ಫೋನ್ ಮಾಡಿದವರಿಗೆ ಅಷ್ಟೂ ಗೊತ್ತಿಲ್ವಾ?"

"ನಮ್ಮತ್ತೆ ಫೋನ್ ಮಾಡಿದ್ರಾ ಮೇಡಂ?"

"ಅತ್ತೆ ಅಲ್ಲಮ್ಮ... ಲಿಖಿತ್ ಅಂತ. ನಿಮ್ಮ ಯಜಮಾನರು."

ಮಾಯಾ ಕುರ್ಚಿಯಿಂದ ಎದ್ದುಬಿಟ್ಟಳು. ಅವನಿಗೆ ಗೊತ್ತಿಲ್ಲವೇ? ಮದುವೆಗೆ ಮುಂಚೆ ವಕೀಲರನ್ನು ಕೇಳಿ ಬಂದು, 'ನಿನಗೆ ಅಲ್ಲಿ ಯಾವ ಕಾಗದಾನೂ ಬೇಡ ಕಣೇ!' ಎಂದು ಕುಣಿದವನೇ ಅವನು!

ನೆಟ್ಟಗೆ ಅವನ ಕಾರ್ಖಾನೆಗೆ ಹೋದಳು. ಗೇಟಿನಾಚೆ ಮೆಷಿನ್ನುಗಳು ಕಲ್ಲು ಕೊಯ್ಯುತ್ತಾ ಅರಚುತ್ತಿದ್ದವು. ಮೈಯೆಲ್ಲ ಕಲ್ಲಿನ ಧೂಳಾಗಿ ಲಿಖಿತ್ ಹೊರಬಂದ. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ಗೊತ್ತಾಯಿತು.

"ಮಾಯಾ, ಇಲ್ಲಿ ಬೇಡ. ಮನೇಲಿ ಮಾತಾಡೋಣ..."

"ಇಲ್ಲೇ ಏಳು. ಎಲ್ಲಾ ಶಾಲೆಗೂ ನೀನೇನಾ?"

"ಹೂಂ," ಎಂದ ಅವನು.

"ಯಾಕೋ? ಯಾಕಿಂಗ್ ಮಾಡ್ದೆ?"

"ಭಯ ಕಣೇ... ನಿನ್ನನ್ನ ಮೊದಲು ಮೈದಾನದಲ್ಲಿ ನೋಡಿದವನು ನಾನು. ಅಲ್ಲಿದ್ದಾಗ ನಿನಗೆ ಯಾರೂ ಬೇಕಾಗಿರ್ಲಿಲ್ಲ. ಇಲ್ಲೂ ನಿನ್ನದೇ ಸಂಬಳ, ನಿನ್ನದೇ ಜನ ಅಂತ ಆದ್ರೆ... ಒಂದಿನ ಜಗಳ ಆಡ್ಕೊಂಡು ಊರಿಗೆ ಹೊರಟ್ರೆ ನಾನು ಹೇಗೆ ತಡೀಲಿ? ನಿನ್ನ ಬಿಟ್ಟಿರಕ್ಕೆ ನನ್ ಕೈಲಿ ಆಗಲ್ಲ ಮಾಯಾ!"

ಇದನ್ನು ಪ್ರೀತಿ ಅನ್ನಬೇಕೇ? ಅವಳಿಗೆ ಅಳು ಬರಲಿಲ್ಲ.

"ಕೆಲ್ಸ ಸಿಕ್ಕಿದ್ರೆ ಎಲ್ಗೂ ಓಯ್ತಿರ್ನಿಲ್ಲ ಕಣೋ ನಾನು," ಎಂದಳು ಮೆಲ್ಲಗೆ. "ಈಗ ಓಯ್ತೀನಿ. ಅದ್ಕೂ ಮುಂಚೆ ನನ್ಜೊತೆ ಬಾ. ಶ್ಯಾಮಲಾ ಮೇಡಂ ಮುಂದೆ ಸುಳ್ಳೇಳ್ದೆ ಅನ್ನು."

ಅವನು ಬಂದ. ಧೂಳಿನ ಬಟ್ಟೆಯಲ್ಲೇ ಶ್ಯಾಮಲಾ ಎದುರು ನಿಂತು, "ನಾನು ಹೇಳಿದ್ದು ಸುಳ್ಳು ಮೇಡಂ. ಇವಳ ತಪ್ಪೇನಿಲ್ಲ," ಎಂದ. ಉಳಿದ ಶಾಲೆಗಳಿಗೆ ಅಲ್ಲಿಂದಲೇ ಫೋನ್ ಮಾಡಿ ಅದನ್ನೇ ಹೇಳಿದ. ಅಲ್ಲೆಲ್ಲ ಬೇರೆಯವರು ಕೆಲಸಕ್ಕೆ ಸೇರಿಯಾಗಿತ್ತು.

ಶ್ಯಾಮಲಾ ಅವನ ಮುಖ ನೋಡಲೂ ಇಲ್ಲ. "ನಾಳೆಯಿಂದ ಬರ್ತೀರಾ?" ಎಂದು ಮಾಯಾಳನ್ನೇ ಕೇಳಿದರು.

ಊರಿಗೆ ಹೋಗುತ್ತೇನೆ ಎನ್ನಲು ಹೊರಟವಳು ತಲೆಯೆತ್ತಿದಳು. ಕಿಟಕಿಯಾಚೆ ಮೈದಾನ ಕಾಣುತ್ತಿತ್ತು. "ಬರ್ತೀನಿ ಮೇಡಂ," ಎಂದಳು.

ಮನೆಗೆ ಬಂದು, ಲಿಖಿತ್‌ನ ಎದುರೇ ನಡೆದದ್ದೆಲ್ಲ ಹೇಳಿ, ಅತ್ತೆಯ ಕಾಲು ಹಿಡಿದಳು. "ತಪ್ಪಾಯ್ತು ಅತ್ತೆ."

ಭದ್ರಮ್ಮ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಎಬ್ಬಿಸಲೂ ಇಲ್ಲ. "ನನ್ ಮಾತು ಕೇಳ್ಬೋದಾಗಿತ್ತು ನೀನು. ಒಂದೇ ಒಂದ್ ಸಲ," ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ನೀನು! ನನ್ ಮ್ಯಾಲಾಕಿ ಸುಮ್ಕೆ ಉಂಡು ಎದ್ಯಲ್ಲೋ ಅವತ್ತು... ಎಂಗೋ ಇಳೀತು ಗಂಟಲಲ್ಲಿ ಆ ಮುದ್ದೆ?"



"ಅತ್ತೆ, ನಂಗೊಂದು ರೂಮ್ ಕೊಡಿ. ಬಾಡ್ಗೆ ಕೊಟ್ಟೇ ಇರ್ತೀನಿ," ಎಂದಳು ಮಾಯಾ. ಭದ್ರಮ್ಮ ಹಿಂದಿನ ಸಾಲಿನ ರೂಮಿನ ಕೀ ತಂದು ಅವಳ ಅಂಗೈಯಲ್ಲಿಟ್ಟರು. ಸ್ವಂತ ಮನೆಯ ಸೊಸೆ ಅದೇ ಕಾಂಪೌಂಡಿನಲ್ಲಿ ಬಾಡಿಗೆಯವಳಾದಳು. ಜಿಗಣಿಯೆಲ್ಲ ಆಡಿಕೊಂಡಿತು.

ಲಿಖಿತ್ ದಿನಾ ಸಂಜೆ ಆ ರೂಮಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದ. "ಒಳಗೆ ಬರ್ಲಾ?"

"ಬ್ಯಾಡ."

ಅವನು ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋಗುತ್ತಿದ್ದ. ಮಳೆಗಾಲ ಮುಗಿಯಿತು, ದೀಪಾವಳಿಯೂ ಮುಗಿಯಿತು. ಅವಳ 'ಬ್ಯಾಡ' ಬದಲಾಗಲಿಲ್ಲ. ಅವನು ಬರುವುದೂ ತಪ್ಪಲಿಲ್ಲ.

ಆ ಚಳಿಗಾಲದಲ್ಲಿ ಮಾಯಾಳ ಹುಡುಗಿಯರು ಮೊದಲ ಸಲ ತಾಲ್ಲೂಕು ಮಟ್ಟದಲ್ಲಿ ಆಡಿದರು. ಮೊದಲ ಮ್ಯಾಚಿನಲ್ಲೇ ಸೋತರು. ಅಳುತ್ತಿದ್ದ ಮಕ್ಕಳನ್ನೆಲ್ಲ ಮನೆಮನೆಗೆ ಬಿಟ್ಟು ಅವಳು ರೂಮಿಗೆ ಬಂದಾಗ ಲಿಖಿತ್ ಮೆಟ್ಟಿಲ ಮೇಲಿದ್ದ.

"ಸೋತ್ರಾ?"

"ಸೋತ್ವಿ." ಅಷ್ಟಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ತಿಂಗಳು ನುಂಗಿಕೊಂಡಿದ್ದೆಲ್ಲ ಹೊರಬಂತು. ಅವನು ಮುಟ್ಟಲು ಕೈ ಚಾಚಿ, ಹಿಂದೆ ತೆಗೆದುಕೊಂಡ. 'ನಾನಿದ್ದೀನಲ್ಲ' ಎನ್ನಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿತು.

"ಬಾ ಒಳೀಕೆ," ಎಂದಳು, ಕಣ್ಣೊರೆಸಿಕೊಂಡು.

ಅವನು ನಂಬಲಾರದೆ ಎದ್ದುನಿಂತ. ಒಳಗೆ ಕಾಲಿಟ್ಟವನು ಅಭ್ಯಾಸಬಲದಿಂದ ತಿರುಗಿ, "ಬಾಗಿಲು ಹಾಕ್ಲಾ?" ಎಂದ.

"ಬ್ಯಾಡ. ತೆಗ್ದೇ ಇರ್ಲಿ."

ಅವನ ಕಣ್ಣಲ್ಲಿ ಅದೇ ಹಳೆಯ ಭಯ ಮಿಣಕ್ ಎಂದದ್ದನ್ನು ಅವಳು ಕಂಡಳು. ಮರುಕವಾಯಿತು. ಆದರೆ ಮಾತು ಬದಲಿಸಲಿಲ್ಲ.

"ತೆಗ್ದಿದ್ರೇನೇ ನಾನು ಇರಾದು, ಲಿಖಿತ್."

"ಆಯ್ತು ಮಾಯಾ." ಅವನ ಕೈ ಬಾಗಿಲನ್ನು ಬಿಟ್ಟಿತು. "ಊಟ ಮಾಡಿದ್ಯಾ?"

"ಇಲ್ಲ. ನೀನು?"

"ನಾನೂ ಇಲ್ಲ."