ತಾಮ್ರದ ಸುರುಳಿಯೊಳಗಿನ ದನಿ

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳ ಅಂಚನ್ನು ಅವಳು ಸಣ್ಣ ಅರದಿಂದ ಉಜ್ಜುತ್ತಿದ್ದಳು. ಅರ್ಧ ಕೆಲಸ ಮುಗಿದಿತ್ತು. ಆಗ ಒಬ್ಬ ಹೆಂಗಸು ಅಂಗಡಿಯೊಳಗೆ ಬಂದು, ಎದೆಗವಚಿಕೊಂಡು ತಂದಿದ್ದ ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲಿಟ್ಟಳು.

"ಏನು ಕೊಡ್ತೀರೋ ಕೊಡಿ. ಆದ್ರೆ ನುಡಿಸ್ಬೇಡಿ."

"ನುಡಿಸದೆ ಬೆಲೆ ಕಟ್ಟೋದು ಹೇಗ್ರೀ?"

"ನಮ್ಮನೆಯವರೇ ಮಾಡಿದ್ದು. ಸ್ವರ ಆರಲೇಬಾರದು ಅಂತ ಹಟ ಅವರಿಗೆ. ಯಾವನೋ ಮಾಟಗಾರನ ಮಾತು ಕಟ್ಕೊಂಡು, ಸ್ವರ ಹಿಡಿಯೋ ಪಿಕಪ್ಪಿಗೆ ತಾಮ್ರದ ತಂತಿ ಸುತ್ತುವಾಗ ಸತ್ತವಳೊಬ್ಬಳ ಕೂದಲನ್ನೂ ಸೇರಿಸಿ ಸುತ್ತಿದ್ರು. ಇದನ್ನ ನುಡಿಸಿದವರ ಮನೇಲಿ ಒಬ್ಬರ ದನಿ ಹೋಗುತ್ತೆ. ನನ್ನ ಮಗ ಮಾತಾಡಿ ಎರಡು ವರ್ಷ ಆಯ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. "ಒಳ್ಳೇದೇ ಆಯ್ತು ಬಿಡಿ. ನಮ್ಮತ್ತೆ ಬಾಯಿಗೂ ಒಂದಿನ ರಜ ಸಿಗ್ಲಿ."

ಬಂದವಳು ನಗಲಿಲ್ಲ. "ಒಡೆಯೋಕೂ ಹೋಗ್ಬೇಡಿ. ಒಳಗಿರೋ ದನಿ ಒಳಗೇ ಸಾಯುತ್ತೆ" ಎಂದವಳೇ ಕೊಟ್ಟಷ್ಟು ದುಡ್ಡು ತೆಗೆದುಕೊಂಡು ಹೊರಟುಹೋದಳು.

ಇಪ್ಪತ್ತೆರಡು ವರ್ಷಗಳಿಂದ ಅವಳದು ಇದೇ ಕಸುಬು. ದುಬಾರಿ ಗಿಟಾರು ತನ್ನ ಬೆಲೆಗೆ ತಕ್ಕದ್ದೋ ಅಲ್ಲವೋ ಎಂದು ಮುಟ್ಟಿದರೇ ತಿಳಿಯುತ್ತಿತ್ತು. ಇದರ ಒಡಲು ಒಂದೇ ಮರದ ತುಂಡು. ಕಣ್ಣಿಗೆ ನೇರ ಹಿಡಿದು ನೋಡಿದರೆ ಕತ್ತಿಗೆ ಕೂದಲೆಳೆಯಷ್ಟೂ ಡೊಂಕಿಲ್ಲ. ಅಂಚಿನ ಮೇಲೆ ಬೆರಳಾಡಿಸಿದರೆ ಎಲ್ಲೂ ತರಚುವುದಿಲ್ಲ. ತಂತಿಯನ್ನು ಎಳೆದು ಬಿಟ್ಟರೂ ಶ್ರುತಿ ಅಲುಗುವುದಿಲ್ಲ. ಉಳಿದದ್ದು ಒಂದೇ ಪರೀಕ್ಷೆ. ಒಂದು ತಂತಿ ಮೀಟಿ, ಸ್ವರ ಆರುವವರೆಗೆ ಎಣಿಸುವುದು. ಎಷ್ಟೇ ಒಳ್ಳೆಯ ವಾದ್ಯವಾದರೂ ಇಪ್ಪತ್ತು ದಾಟುವುದು ಅಪರೂಪ. ಎಣಿಸದೆ ಅವಳು ಯಾವ ವಾದ್ಯವನ್ನೂ ಗೋಡೆಗೆ ತೂಗುಹಾಕಿದವಳಲ್ಲ.

ಆಂಪ್ಲಿಫೈಯರ್ ಹಾಕಿ ಮೀಟಿದಳು.

ಇಪ್ಪತ್ತು. ಮೂವತ್ತು. ನಲವತ್ತು. ಸ್ವರ ಆರಲಿಲ್ಲ, ದಪ್ಪವಾಗುತ್ತ ಹೋಯಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಬೀದಿಯಲ್ಲಿ ರಣಬಿಸಿಲು. ಒಳಗೆ ಮಾತ್ರ ಮೂಲೆಗಳಿಂದ ಕತ್ತಲೆ ಸೋರಿಬಂದು ಮೇಜಿನ ಕಾಲುಗಳನ್ನು ನುಂಗಿತು. ಅಂಗೈಯಿಂದ ತಂತಿಗಳನ್ನು ಅದುಮಿದಳು. ನಿಲ್ಲಲಿಲ್ಲ. ಕೇಬಲ್ ಕಿತ್ತಳು. ನಿಲ್ಲಲಿಲ್ಲ. ಗೋಡೆಯ ಪ್ಲಗ್ ಕಿತ್ತಳು. ನಿಲ್ಲಲಿಲ್ಲ. ಸ್ವರ ಒರಟಾಯಿತು. ಕೆಮ್ಮಿತು. ಉಸಿರೆಳೆದುಕೊಂಡಿತು.

"ಎಲ್ಲಿ ಸತ್ತ್ಯೇ?"

ಅತ್ತೆಯ ದನಿ, ಗಿಟಾರಿನೊಳಗಿಂದ. ಆಮೇಲೆ ಎಲ್ಲ ಮೌನ.

ಮನೆ ಅಂಗಡಿಯ ಮೇಲೆಯೇ. ಮೆಟ್ಟಿಲು ಹಾರಿ ಓಡಿದಳು. ಒಲೆಯ ಮುಂದೆ ಅತ್ತೆ ನಿಂತಿದ್ದರು, ಕೈಯಲ್ಲಿ ಸೌಟು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿಲ್ಲ.

ಗಂಟಲಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು.

ಮೂರನೆಯ ದಿನ ಫೋನ್ ಬಂತು. "ನನ್ನ ಮಗ ಮಾತಾಡಿದ ಕಣ್ರೀ" ಎಂದು ಆ ಹೆಂಗಸು ಅತ್ತಳು. "ಇನ್ನೊಂದು ಮನೆಯವರು ಕೊಂಡು ನುಡಿಸಿದ್ರೆ ಹಿಂದಿನವರದ್ದು ವಾಪಸ್ ಬರುತ್ತೆ. ಅದನ್ನ ಮಾತ್ರ ನಿಮಗೆ ಹೇಳ್ಲಿಲ್ಲ. ನುಡಿಸ್ಬೇಡಿ ಅಂದೆ. ಆದ್ರೆ ಎದುರಿನ ಫುಟ್‌ಪಾತಲ್ಲಿ ನಿಂತು, ನುಡಿಸಲಿ ದೇವ್ರೇ ಅಂತ ಬೇಡ್ಕೊಂಡೆ."

ಬೈಯಬೇಕೆಂದುಕೊಂಡವಳು ಫೋನ್ ಕೆಳಗಿಟ್ಟಳು. ಬೈಗುಳವೆಂದರೆ ಈ ಮನೆಯಲ್ಲಿ ಅತ್ತೆಯದೇ. ಗಂಡ ಸತ್ತಾಗ ನಾಲ್ಕು ದಿನ ಗೋಡೆಗೆ ಮುಖಮಾಡಿ ಮಲಗಿದ್ದವಳನ್ನು ರಟ್ಟೆ ಹಿಡಿದು ಎಬ್ಬಿಸಿದ್ದೂ ಅದೇ ದನಿ. "ಏಳೇ, ತಿನ್ನು. ನೀನೂ ಹೋದ್ರೆ ನಾನು ಯಾರನ್ನ ಬೈಲಿ?" ಮಗನನ್ನು ಕಳೆದುಕೊಂಡ ತಾಯಿ ಅಂದು ಅತ್ತಿರಲಿಲ್ಲ, ಸೊಸೆಯನ್ನು ಬೈದಿದ್ದರು. ಬೈದು ಬೈದು ಇಬ್ಬರನ್ನೂ ಬದುಕಿಸಿದ್ದರು.

ಹನ್ನೊಂದನೆಯ ದಿನ ಗಿರಾಕಿ ಬಂದಳು. ಸೊಂಟದ ಮೇಲೆ ಮೂರು ವರ್ಷದ ಮಗಳು. ವಾದ್ಯ ಬಲ್ಲವಳೇ, ಕತ್ತನ್ನು ಕಣ್ಣಿಗೆ ಹಿಡಿದು ನೋಡಿದಳು, ತೂಕ ನೋಡಿದಳು, ಮುಖ ಅರಳಿತು.

"ಇಂಥದ್ದಕ್ಕೇ ಹುಡುಕ್ತಿದ್ದೆ ಅಕ್ಕಾ. ಸ್ವರ ಎಷ್ಟು ಹೊತ್ತು ನಿಲ್ಲುತ್ತೆ, ಒಂದ್ಸಲ ಕೇಳ್ಲಾ?"

"ಇದಕ್ಕೆ ಹೊಟ್ಟೆನೇ ಇಲ್ಲ!" ಎಂದಿತು ಮಗು. "ಊಟ ಎಲ್ಲಿ ಹೋಗುತ್ತೆ? ಕೈಗಾ? ಇದಕ್ಕೆ ಅಮ್ಮ ಇದ್ದಾಳಾ? ಆಂಟೀ, ಹೇಳಿ ಆಂಟೀ!"

ಅಂಗಡಿಯವಳ ಕೈಯಲ್ಲಿ ಕೇಬಲ್ ಇತ್ತು. ಚುಚ್ಚಿದರಾಯಿತು. ಸಂಜೆಗೆ ಮಹಡಿಯ ಮೇಲೆ ಬೈಗುಳ ಕೇಳಿಸುತ್ತದೆ. ಕೇಬಲ್ಲಿನ ತುದಿ ಗಿಟಾರಿನ ತೂತಿನವರೆಗೂ ಹೋಯಿತು. ಮಗುವಿನ ಬಾಯಿ ನೋಡಿದಳು, ಕೇಬಲ್ ಹಿಂದೆಳೆದಳು.

"ಒಳಗೊಂದು ವೈರ್ ಬಿಟ್ಟಿದೆ" ಎಂದಳು. "ನಾಳೆ ಹತ್ತು ಗಂಟೆಗೆ ಬಾಮ್ಮ."

ಸಂಜೆ ಅತ್ತೆ ತಟ್ಟೆ ತಂದಿಟ್ಟು ಎದುರಿಗೆ ಕೂತರು. ತುಟಿಗಳು ಬಿರಬಿರನೆ ಆಡಿದವು. ಇಷ್ಟು ವರ್ಷ ಕೇಳಿದವಳಿಗೆ ಓದಲು ಕಷ್ಟವೇನಿರಲಿಲ್ಲ.

"ತಿಂತಿದೀನಿ ಅತ್ತೆ. ಹಕ್ಕಿ ಥರ ಏನೂ ಕುಕ್ತಿಲ್ಲ."

ಅತ್ತೆ ನಕ್ಕರು, ಸದ್ದಿಲ್ಲದೆ. ಆಮೇಲೆ ಗಂಟಲನ್ನು ಮುಟ್ಟಿಕೊಂಡು ಹುಬ್ಬೇರಿಸಿದರು. ಯಾವಾಗ ಬರುತ್ತೆ?

"ಬರುತ್ತೆ ಅತ್ತೆ" ಎಂದಳು, ತಲೆ ಎತ್ತದೆ.

ನಾಳೆ ಎಂಟಕ್ಕೇ ಅಂಗಡಿ ತೆರೆಯಬೇಕು. ಒಳಗಿನ ದನಿ ಒಳಗೇ ಸತ್ತರೂ ಸರಿ, ಪಿಕಪ್ ಬಿಚ್ಚಿ, ಆ ಸುರುಳಿಯನ್ನು ಒಂದು ಎಳೆಯೂ ಉಳಿಯದಂತೆ ಕತ್ತರಿಸಬೇಕು. ಅದಕ್ಕೆ ಮುಂಚೆ ಕೊನೆಯದಾಗಿ ಆ ದನಿ ಕೇಳೋಣವೆಂದು ಒಂದೇ ಒಂದು ಸಲವೂ ಮೀಟಬಾರದು.

ಅವಳು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡಳು. ಅತ್ತೆಯ ತುಟಿಗಳು ಮತ್ತೆ ಆಡತೊಡಗಿದವು. ಒಂದು ಮಾತೂ ತಪ್ಪದಂತೆ ನೋಡುತ್ತ ಕೂತಳು.