ಉಪ್ಪುನೀರಿನ ಭರಣಿಯಲ್ಲಿ ಆಕಾಶದ ಕಲ್ಲು

"ಏಯ್, ತಡಿ! ಆ ಕಲ್ಲಿಗೆ ಕಾಯಿ ಒಡಿಬೇಡ!"

ಎತ್ತಿದ ತೆಂಗಿನಕಾಯಿ ಗಂಗಿಯ ಕೈಯಲ್ಲೇ ನಿಂತಿತು. ಧಾರೇಶ್ವರದ ಅವಳ ಮನೆಯಂಗಳಕ್ಕೆ ಸೈಕಲ್ಲು ಬಿಸಾಡಿ ಓಡಿಬಂದವನು ಕುಮಟೆಯ ಸೋದರತ್ತೆಯ ಮಗ ರಮಾನಂದ. ಬೊಂಬಾಯಿಯಲ್ಲಿ ಕಲ್ಲುಗಳ ಶಾಸ್ತ್ರ ಓದುತ್ತಿದ್ದವನನ್ನು ಅವಳು ನೋಡಿ ಆರು ವರ್ಷವಾಗಿತ್ತು. ಅಬ್ಬಾ, ಎಷ್ಟು ಚೆಂದ ಆಗಿದ್ದಾನೆ!

ಅವನೋ... ಅವಳನ್ನು ದಾಟಿ ಕಲ್ಲಿನ ಮುಂದೆ ಮಂಡಿಯೂರಿದ!

1946ರ ಆ ಬೇಸಿಗೆಯಲ್ಲಿ ಗುಡುಗಿನ ಸದ್ದು ಮಾಡಿ ಆಕಾಶದಿಂದ ಗದ್ದೆಗೆ ಬಿದ್ದ ಕರಿಕಲ್ಲದು. ಕಾಯಿ ಒಡೆಯಲಿಕ್ಕೆ ಲಾಯಕ್ಕು ಎಂದು ಅಪ್ಪ ಅಂಗಳಕ್ಕೆ ತಂದಿಟ್ಟಿದ್ದ.

ರಮಾನಂದ ಅಡಿಕೆಯಷ್ಟು ಚೂರು ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡ. ಮರುದಿನ ಮತ್ತೆ ಬಂದ. ದಿನಾ ಬಂದ.

"ನೋಡಿಲ್ಲಿ ಗಂಗಿ, ಒಳಗೆ ಸಾಸಿವೆಯಂಥ ಗುಂಡು ಕಾಳು! ಬೆಂಕಿಯಲ್ಲಿ ಕರಗಿ ಆರಿದ ಹನಿಗಳು. ಭೂಮಿ ಉಂಡೆ ಕಟ್ಟುವುದಕ್ಕೂ ಮೊದಲಿನವು. ನಮ್ಮ ನೆಲದ ಕಲ್ಲೆಲ್ಲ ಆಮೇಲೆ ಬೆಂದು ಬದಲಾಗಿ ಹೋದ್ವು. ಇವಳು ಮಾತ್ರ ಹುಟ್ಟಿದ ಹಾಗೇ ಇದ್ದಾಳೆ... ಎಂಥಾ ಚೆಲುವೆ!"

ಇವಳಂತೆ! ಚೆಲುವೆಯಂತೆ! ಗಂಗಿಯ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಎರಡು ವಾರ ಬಿಟ್ಟು ಭಾನುವಾರ ಮುರ್ಡೇಶ್ವರದ ಸಂಬಂಧಕ್ಕೆ ಅಪ್ಪ ಮಾತು ಕೊಡುವವನಿದ್ದ. ಇವನಿಗೆ ಅದರ ಗೊಡವೆಯೇ ಇಲ್ಲವೇ?

ಹೀಗೆ ಹನ್ನೊಂದು ದಿನ ಬಂದುಹೋದ ಮೇಲೆ, ಹೊನ್ನಾವರದಲ್ಲೂ ಇಂಥದ್ದೊಂದು ಬಿದ್ದಿದೆಯೆಂಬ ಸುದ್ದಿ ಕೇಳಿ ರಮಾನಂದ ಅತ್ತ ಹೋದ. ಒಬ್ಬಳು ಸಾಲದೆಂದು ಇನ್ನೊಬ್ಬಳು! ಗಂಗಿ ಕಲ್ಲನ್ನೆತ್ತಿ ಮಾವಿನಮಿಡಿಯ ಭರಣಿಗೆ ಹಾಕಿದಳು. ಮಿಡಿ ಮೇಲೇಳದಂತೆ ಹೇಗೂ ಒಂದು ಭಾರ ಬೇಕಿತ್ತು.

ನಾಲ್ಕು ದಿನ ಬಿಟ್ಟು, ಶನಿವಾರ ಅವನು ಬರಿಗೈಯಲ್ಲಿ ಬಂದ.

"ಹುಡುಕಬೇಡ ಭಾವ. ನಿನ್ನ ಚೆಲುವೆ ಇಲ್ಲಿದ್ದಾಳೆ," ಎಂದು ಗಂಗಿ ಭರಣಿಯ ಬಾಯಿ ತೆರೆದಳು.

ಕಲ್ಲಿನ ತುಂಬ ಕೆಂಪು ತುಕ್ಕು!

"ಎಂತ ಆತು ಇದಕ್ಕೆ?" ಅವಳು ಕಲ್ಲನ್ನು ಹೊರಗೆತ್ತಿದಳು.

"ಒಳಗೆ ಕಬ್ಬಿಣದ ಚುಕ್ಕಿ ಉಂಟು. ಉಪ್ಪುನೀರು ತಾಗಿತಲ್ಲ..."

"ಭೂಮಿಗಿಂತ ಹಳೇದನ್ನ ನಾಲ್ಕೇ ದಿನದಲ್ಲಿ ಕೆಡಿಸಿಬಿಟ್ಟೆ! ಹೊಟ್ಟೆಕಿಚ್ಚಿಗೆ ಮಾಡಿದೆ ಭಾವ. ಬೈದುಬಿಡು!" ಗಂಗಿ ಬಿಕ್ಕಿದಳು.

"ನನ್ನ ಕೆಲಸಕ್ಕೆ ಮೊದಲ ದಿನ ಕಿತ್ತ ಚೂರೇ ಸಾಕಿತ್ತು."

ಅವಳು ತಲೆಯೆತ್ತಿದಳು. "ಮತ್ತೆ ಅಷ್ಟು ದಿನ ಬಿಸಿಲಲ್ಲಿ ಸೈಕಲ್ ತುಳಿದದ್ದು ಎಂತಕ್ಕೆ?"

ರಮಾನಂದ ಕಿವಿಯ ತನಕ ಕೆಂಪಾದ. "ನಿನ್ನ ಮುಖ ನೋಡಿ ಮಾತಾಡ್ಲಿಕ್ಕೆ ಧೈರ್ಯ ಬರಲಿಲ್ಲ. ಕಲ್ಲು ನೋಡಿ ಮಾತಾಡ್ತಿದ್ದೆ. ಆ ಚೆಲುವೆ ಅಂದದ್ದೂ..."

"ನಾಳೆ ಭಾನುವಾರ, ಭಾವ!"

"ಗೊತ್ತುಂಟು. ಅದಕ್ಕೇ ಅಮ್ಮನ್ನ ಕರಕೊಂಡು ಬಂದೆ. ಹಿಂದೆ ಗಾಡಿಯಲ್ಲಿ ಬರ್ತಾ ಇದ್ದಾಳೆ, ಮಾವನ ಹತ್ರ ಹೆಣ್ಣು ಕೇಳ್ಲಿಕ್ಕೆ."

ಗಂಗಿ ಅಳುತ್ತಲೇ ನಕ್ಕಳು. ಸೆರಗಿನಿಂದ ಕಲ್ಲನ್ನು ಮೆಲ್ಲಗೆ ಒರೆಸತೊಡಗಿದಳು.

"ಮದುವೆ ದಿನದ ಕಾಯಿ ಅದಕ್ಕೇ ಒಡಿ," ಎಂದ ಅವನು.

"ಬೇಡ ಭಾವ... ಪಾಪ, ಅವಳಿಗೆ ನೋವಾಗ್ತದೆ."