ಮುತ್ತಮ್ಮನನ್ನು ನೋಡಲು ಏಳು ಸಲ

ನಿಯಮ ಮಾಡಿದವಳು ಗೌತಮಿಯೇ. ಮುದಿ ಕುದುರೆಯನ್ನು ದತ್ತು ಕೇಳಿ ಬರುವವರು ಮೊದಲು ಮೂರು ಸಲ ಬಂದು ಅದರ ಜೊತೆ ಒಂದೊಂದು ತಾಸು ಕಳೆಯಬೇಕು. ಮೂರನೆಯ ಸಲ ಕುದುರೆ ತಾನಾಗಿ ಅವರ ಹತ್ತಿರ ಬಂದರೆ ಆಹಾರದ ಪಾಠ, ಆಮೇಲೆ ಸಹಿ, ಆಮೇಲೆ ಕುದುರೆ ಅವರ ಮನೆಗೆ.

ಸೋಮಶೇಖರ ಸಂಕ್ರಾಂತಿಯ ಬೆಳಿಗ್ಗೆ ಬಂದದ್ದು ಏಳನೆಯ ಸಲ.

"ಇನ್ನೂ ಎಷ್ಟು ಸಲ ಓಡಾಡಿಸ್ತೀಯೇ ಆ ಪಾಪದವನನ್ನ?" ರತ್ನಾ ಆಂಟಿ ಹುಲ್ಲಿನ ಬಲೆಗೆ ಗಂಟು ಬಿಗಿಯುತ್ತಾ ಕೇಳಿದರು. "ಹೆಣ್ಣು ನೋಡೋಕೂ ಜನ ಇಷ್ಟು ಸಲ ಬರಲ್ಲ."

"ಆಂಟಿ, ಮೆಲ್ಲಗೆ! ಕೇಳಿಸುತ್ತೆ."

"ಕೇಳಿಸ್ಲಿ ಬಿಡು. ಇಬ್ಬರಲ್ಲಿ ಒಬ್ಬರಿಗಾದ್ರೂ ಕೇಳಿಸ್ಲಿ."

ಅಡಿಲೇಡಿನಿಂದ ಉತ್ತರಕ್ಕೆ ಒಂದು ತಾಸಿನ ದಾರಿಯಲ್ಲಿ, ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲುಗಾವಲಿನ ನಡುವೆ ಗೌತಮಿಯ ಹನ್ನೊಂದು ಕುದುರೆಗಳಿದ್ದವು. ಓಟ ಮುಗಿಸಿದವು, ಸವಾರಿ ಶಾಲೆಯಲ್ಲಿ ಬೆನ್ನು ಸವೆಸಿದವು, ಒಡತಿ ತೀರಿಹೋಗಿ ದಿಕ್ಕಿಲ್ಲದಾದವು. ರತ್ನಾ ಆಂಟಿ ಕೆಲಸದಿಂದ ನಿವೃತ್ತರಾದ ಮೇಲೆ ವಾರಕ್ಕೆ ಮೂರು ದಿನ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಿಂದ ಕಾರು ಓಡಿಸಿಕೊಂಡು ಬಂದು ಇಲ್ಲಿ ಸಗಣಿ ಎತ್ತುತ್ತಿದ್ದರು. ಪರ್ಲ್ ಎಂಬ ಇಪ್ಪತ್ತಾರು ವರ್ಷದ ಬಿಳಿ ಹೆಣ್ಣು ಕುದುರೆಗೆ ಮುತ್ತಮ್ಮ ಎಂದು ಹೆಸರಿಟ್ಟವರೂ ಅವರೇ.

ಆ ಮುತ್ತಮ್ಮನನ್ನೇ ಸೋಮಶೇಖರ ಕೇಳಿದ್ದ.

ಅವನು ಭೂವಿಜ್ಞಾನಿ. ಅಡಿಲೇಡಿನಿಂದ ಪರ್ತ್‌ಗೆ, ಪರ್ತ್‌ನಿಂದ ಗಣಿಗೆ ವಿಮಾನ ಹತ್ತುವವನು. ಎರಡು ವಾರ ಗಣಿ, ಒಂದು ವಾರ ಮನೆ. ಆ ಬದುಕಿಗೆ ಒಗ್ಗದೆ ಹೆಂಡತಿ ಬಿಟ್ಟುಹೋಗಿ ಐದು ವರ್ಷವಾಗಿತ್ತು. ಬೆಟ್ಟದ ಮೇಲೆ ಮೂರು ಎಕರೆಯ ಮನೆ ಹಿಡಿದಿದ್ದ. ಅವನಿಲ್ಲದ ವಾರಗಳಲ್ಲಿ ನೋಡಿಕೊಳ್ಳಲು ಪಕ್ಕದ ಮನೆಯ ಅಜ್ಜಿ ಒಪ್ಪಿದ್ದಳು, ಮುತ್ತಮ್ಮನಿಗೆ ಜೊತೆಯಾಗಲು ಆಕೆಯ ಎರಡು ಕತ್ತೆಗಳಿದ್ದವು. ಗೌತಮಿ ಹೋಗಿ ಬೇಲಿ, ನೀರಿನ ತೊಟ್ಟಿ, ನೆರಳು ಎಲ್ಲ ನೋಡಿ ಬಂದಿದ್ದಳು. ಹುಡುಕಿದರೂ ಒಂದು ಕೊರತೆ ಸಿಕ್ಕಿರಲಿಲ್ಲ. ಮೂರನೆಯ ಸಲವೇ ಮುತ್ತಮ್ಮ ಸೀದಾ ನಡೆದುಬಂದು ಅವನ ಭುಜದ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತ್ತು.

ಆ ಸಂಜೆ ಗೌತಮಿ ಅರ್ಜಿಯನ್ನು ಸಹಿಗೆಂದು ಮೇಜಿನ ಮೇಲೆ ಹರಡಿಕೊಂಡಿದ್ದಳು. ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಕುದುರೆ ಸಿಕ್ಕಿದ ಮೇಲೆ ಇವನು ಇಲ್ಲಿಗೆ ಯಾಕೆ ಬರುತ್ತಾನೆ?

ಅರ್ಜಿ ಡ್ರಾಯರ್ ಸೇರಿತು.

"ಗೌತಮಿ ಅವ್ರೇ, ನನ್ನ ಫಾರ್ಮ್ ಏನಾಯ್ತು?" ಅವನೀಗ ಟೋಪಿ ತೆಗೆದು ಕೇಳುತ್ತಿದ್ದ. ಗಣಿಯ ಬಿಸಿಲಿಗೆ ಕೆಂಪು ಮಿಶ್ರಿತ ಕಪ್ಪಾದ ಮುಖ, ಟೋಪಿ ಇದ್ದಲ್ಲಿ ಮಾತ್ರ ಹಣೆ ತಿಳಿ. ಆ ಗೆರೆಯನ್ನು ನೋಡುವಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು.

"ಪ್ರೋಸೆಸ್‌ನಲ್ಲಿದೆ."

"ಇದಕ್ಕಿಂತ ಬೇಗ ನಂಗೆ ಈ ದೇಶದಲ್ಲಿ ಕಾಯಂ ಇರೋಕೆ ಪಿ.ಆರ್. ಬಂತು."

"ಇಲ್ಲಿ ರೂಲ್ಸ್ ಸ್ವಲ್ಪ ಸ್ಟ್ರಿಕ್ಟು."

"ಅದು ಕಾಣ್ತಾ ಇದೆ." ಅವನ ಕಣ್ಣು ಅವಳ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ಅವಳು ತಟ್ಟನೆ ಬಾಗಿ, ಕಟ್ಟಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಅವನು ತಂದ ಡಬ್ಬಿಯಲ್ಲಿ ಎಳ್ಳು ಬೆಲ್ಲ ಇತ್ತು. ಕೊಬ್ಬರಿಯನ್ನು ಒಂದೇ ಅಳತೆಗೆ ಹೆಚ್ಚಿದ್ದ.

"ನೀವೇ ಮಾಡಿದ್ರಾ?" ಗೌತಮಿಗೆ ಆಶ್ಚರ್ಯ.

"ಕಲ್ಲು ಕತ್ತರಿಸೋನಿಗೆ ಕೊಬ್ಬರಿ ಏನು ಮಹಾ?"

"ಹಲ್ಲಿಗೆ ಸಿಕ್ಕಿದ್ದು ಕಲ್ಲೋ ಕಡಲೆಯೋ ಗೊತ್ತಾಗ್ತಿಲ್ಲ," ಎಂದರು ರತ್ನಾ ಆಂಟಿ ಅಗಿಯುತ್ತಾ. "ಇರ್ಲಿ, ಹಬ್ಬದ ದಿನ ಒಳ್ಳೇದೇ ಮಾತಾಡ್ಬೇಕು. ಭಾಳ ಚೆನ್ನಾಗಿದೆ ಕಣಪ್ಪ."

ಮೂವರೂ ನಕ್ಕರು. ಮುತ್ತಮ್ಮ ಬೇಲಿಯ ಮೇಲಿಂದ ಕತ್ತು ಚಾಚಿ ಮೂಸಿತು. ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದ ತನ್ನ ತಾತನ ಕತೆಯನ್ನು ಅವನು ಮೊದಲ ಭೇಟಿಯಲ್ಲೇ ಹೇಳಿದ್ದ. ಕುದುರೆಗೆ ವಯಸ್ಸಾದಾಗ ಯಾರೋ ಬಂದು ಹಗ್ಗ ಹಿಡಿದು ಕರೆದೊಯ್ದರಂತೆ. ಎಲ್ಲಿಗೆ ಎಂದು ಕೇಳಿದ ಮೊಮ್ಮಗನಿಗೆ ತಾತ ಉತ್ತರ ಕೊಡದೆ ಒಳಗೆ ಹೋದರಂತೆ.

ಅಷ್ಟರಲ್ಲಿ ಗೌತಮಿಗೆ ಫೋನ್ ಬಂತು. ಬ್ರಿಸ್ಬೇನಿನಿಂದ ಯಾರೋ ಸವಾರಿ ಶಾಲೆಯವರು, ಎರಡು ಮುದಿ ಕುದುರೆಗಳಿಗೆ ಜಾಗ ಕೇಳುತ್ತಿದ್ದರು. ಮಾತಾಡುತ್ತಾ ಅವಳು ಶೆಡ್ಡಿಗೆ ಹೋದಳು. ತಿರುಗಿ ಬಂದಾಗ ಅವನು ಕೈ ಒರೆಸಿಕೊಂಡು ಹೊರಡಲು ನಿಂತಿದ್ದ.

"ಮೂರು ವಾರ ಬಿಟ್ಟು ಬರ್ತೀನಿ. ಬರ್ಬಹುದಲ್ಲ?"

"ಬರ್ಲೇಬೇಕು," ಎಂದವಳು, ಬೇಗ ಸೇರಿಸಿದಳು, "ಪ್ರೋಸೆಸ್ ಇದೆಯಲ್ಲ."

*

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಮುತ್ತಮ್ಮ ಮೇವಿಗೆ ಬರಲಿಲ್ಲ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ಬಿಸಿ ಹೆಂಚಿನ ಮೇಲೆ ನಿಂತವರಂತೆ ನಿಂತಿತ್ತು. ಗೌತಮಿ ಗೊರಸನ್ನು ಮುಟ್ಟಿ ನೋಡಿದಳು. ಕಾದಿತ್ತು.

ಕುದುರೆ ಡಾಕ್ಟರು, ಅಂದರೆ ವೆಟ್, ಬಂದರು. ಗೊರಸಿನ ಒಳಗೆ ಊತ. ಮುದಿ ಕುದುರೆಗಳಿಗೆ ಸಿಹಿ ಹೆಚ್ಚಾದರೆ ಹೀಗಾಗುತ್ತದೆ. ಮೂರು ದಿನ ಮುಂಗಾಲುಗಳನ್ನು ಐಸ್ ನೀರಿನಲ್ಲಿಡಿ ಎಂದರು. ಆಮೇಲೆ ಎಕ್ಸ್‌ರೇ. ಒಳಗಿನ ಮೂಳೆ ಜಾಗ ಬಿಟ್ಟು ತಿರುಗಿದ್ದರೆ ನೋವು ತಪ್ಪಿಸಲು ಕೊನೆಯ ಇಂಜೆಕ್ಷನ್ ಕೊಡುವುದೊಂದೇ ದಾರಿ.

ಸಿಹಿ ಎಲ್ಲಿಂದ ಬಂತು? ನೀರು ಹಾಯಿಸಿ ಬೆಳೆಸಿದ ಸಿಹಿ ಹಸಿರು ಹುಲ್ಲಿನ ಕಡೆಯ ಗೇಟು ಯಾರಾದರೂ ತೆರೆದಿಟ್ಟಿದ್ದರೇ? ಗೌತಮಿ ಕೆಲಸಕ್ಕೆ ಬರುವವರು, ದತ್ತು ಕೇಳಿದವರು ಎಲ್ಲರಿರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದಳು. ಕಾಲು ಗಂಟೆಯೊಳಗೆ ಫೋನ್ ಬಂತು. ಹಿಂದೆ ವಿಮಾನ ನಿಲ್ದಾಣದ ಘೋಷಣೆ ಕೇಳುತ್ತಿತ್ತು.

"ಗೌತಮಿ, ನಾನು ಸೋಮಶೇಖರ. ಪರ್ತ್ ಏರ್‌ಪೋರ್ಟಲ್ಲಿದ್ದೀನಿ, ಗಣಿ ಫ್ಲೈಟು ಇನ್ನೇನು ಬೋರ್ಡಿಂಗು." ಅವನು ಉಸಿರು ಎಳೆದುಕೊಂಡ. "ಗೇಟು ಯಾರೂ ತೆಗೆದಿಲ್ಲ. ನಾನು ಬೆಲ್ಲ ಕೊಟ್ಟೆ."

"ಏನು?"

"ಅವತ್ತು ನೀವು ಫೋನಲ್ಲಿದ್ರಲ್ಲ, ಆಗ. ಅದಕ್ಕೇಂತ ಬೇರೆ ತಂದಿದ್ದೆ, ಅರ್ಧ ಅಚ್ಚು. ಕೈಯಿಂದ ನೆಕ್ಕಿ ನೆಕ್ಕಿ ತಿಂತು. ನಮ್ಮ ತಾತ ಪ್ರತಿ ಸಂಕ್ರಾಂತಿ ಕುದುರೆಗೆ ಹುರುಳಿ, ಬೆಲ್ಲ ತಿನ್ನಿಸ್ತಿದ್ರು. ಹಬ್ಬ ಅಂತ ನಾನೂ..."

"ತಲೆ ಇದೆಯೇನ್ರೀ ನಿಮಗೆ? ಕೇಳ್ಬಾರ್ದಿತ್ತಾ ಒಂದು ಮಾತು?"

"ಕೇಳ್ಬೇಕಿತ್ತು. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಕಾಲು ಸರಿಹೋಗುತ್ತಾ?" ಅವಳು ಫೋನ್ ಇಟ್ಟಳು.

ರತ್ನಾ ಆಂಟಿ ನೀರಿನ ಬಕೆಟ್ ಇಳಿಸಿದರು. "ಬೈದೆಯಾ?"

"ಬೈಯದೆ ಮುದ್ದು ಮಾಡ್ಲಾ?"

"ಅಲ್ವೇ ಹುಡುಗಿ, ಅವನು ಬಾಯಿ ಬಿಡದಿದ್ರೆ ನಾವು ಸಾಯೋತನಕ ತಪ್ಪನ್ನ ಗೇಟಿನ ಮೇಲೇ ಹಾಕ್ತಿದ್ವಿ. ತಾನಾಗಿ ಹೇಳಿದ." ಅವರು ಸೆರಗಿನಂತೆ ಹೊದ್ದಿದ್ದ ಟವಲಿನಿಂದ ಮುಖ ಒರೆಸಿಕೊಂಡರು. "ಅದ್ಸರಿ, ಏನು ಕೊಡ್ಬೇಕು, ಏನು ಕೊಡ್ಬಾರ್ದು ಅಂತ ಪಾಠ ಮಾಡ್ತೀಯಲ್ಲ. ಅವನಿಗೆ ಮಾಡ್ಲಿಲ್ವಾ?"

ಗೌತಮಿ ಶೆಡ್ಡಿಗೆ ಹೋಗಿ ಡ್ರಾಯರ್ ಎಳೆದಳು. ಅರ್ಜಿಯ ಕೆಳಗೇ ಆಹಾರದ ಪಟ್ಟಿ ಇತ್ತು. ಮೇಲೆ ಅವಳದೇ ಅಕ್ಷರದಲ್ಲಿ ಸೋಮಶೇಖರನ ಹೆಸರು. ಮೊದಲ ಸಾಲು: ಸಕ್ಕರೆ, ಬೆಲ್ಲ, ಜೇನು ಒಂದು ಚೂರೂ ಕೂಡದು. ನಾಲ್ಕು ಭೇಟಿಗಳ ಹಿಂದೆಯೇ ಅವನ ಕೈ ಸೇರಬೇಕಿದ್ದ ಕಾಗದ.

ಅವಳು ಅದನ್ನು ಹಿಡಿದು ಹುಲ್ಲಿನ ಮೂಟೆಯ ಮೇಲೆ ಕೂತುಬಿಟ್ಟಳು. ಬ್ರಿಸ್ಬೇನಿನ ವಿಶ್ವವಿದ್ಯಾಲಯದ ಸೇಂಟ್ ಲೂಸಿಯಾ ಕ್ಯಾಂಪಸ್ಸಿನಲ್ಲಿ ಸಂಶೋಧನೆ ಮಾಡುತ್ತಿದ್ದ ದಿನಗಳಲ್ಲಿ ಅವಳ ಮದುವೆ ಮುರಿದಿತ್ತು. ಗಂಡ ಕೆಟ್ಟವನಲ್ಲ. ಅವಳಿಗೆ ಏನು ಬೇಕು ಎಂದು ಅವಳು ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ, ಅವನೂ ಕೇಳಲಿಲ್ಲ, ಅಷ್ಟೇ. ಈಗಲೂ ಅದೇ ಮೌನ. ಅದರ ಬೆಲೆ ಈ ಸಲ ಮುತ್ತಮ್ಮ ತೆರುತ್ತಿತ್ತು.

*

ಸಂಜೆ ಬಿಸಿಲು ಇನ್ನೂ ಸುಡುತ್ತಿದ್ದಾಗ ಟ್ಯಾಕ್ಸಿಯೊಂದು ಗೇಟಿನ ಬಳಿ ನಿಂತಿತು. ಸೋಮಶೇಖರ ಡಿಕ್ಕಿಯಿಂದ ಐಸಿನ ಚೀಲಗಳನ್ನು ಒಂದೊಂದಾಗಿ ಇಳಿಸಿದ. ಗಣಿಯ ಕಿತ್ತಳೆ ಅಂಗಿ ಇನ್ನೂ ಮೈಮೇಲೇ ಇತ್ತು.

"ದಾರೀಲಿ ಮೂರು ಪೆಟ್ರೋಲ್ ಬಂಕಿನ ಐಸ್ ಖಾಲಿ ಮಾಡಿದೀನಿ," ಎಂದ. "ಬೈಯೋದಿದ್ರೆ ಬೈರಿ. ಐಸ್ ಮಾತ್ರ ಮೊದಲು ಹಾಕೋಣ."

ಅವಳು ಒಂದು ಚೀಲ ಎತ್ತಿಕೊಂಡಳು.

ಅವನು ಹದಿನಾಲ್ಕು ದಿನದ ಪಾಳಿ ಬಿಟ್ಟು ಪರ್ತ್‌ನಿಂದಲೇ ವಾಪಸ್ ವಿಮಾನ ಹತ್ತಿ ಬಂದಿದ್ದ. ಗಣಿಯಲ್ಲಿ ಏನು ಹೇಳಿ ಬಂದಿರಿ ಎಂದು ರತ್ನಾ ಆಂಟಿ ಕೇಳಿದ್ದಕ್ಕೆ, "ಮನೇಲಿ ವಯಸ್ಸಾದವರಿಗೆ ಹುಷಾರಿಲ್ಲ ಅಂದೆ" ಎಂದ. ಮೂರು ದಿನ ಮುತ್ತಮ್ಮನ ಕಾಲಬುಡದಲ್ಲೇ ಕೂತ. ಐಸ್ ಕರಗುವುದು, ಅವನು ನೀರು ಚೆಲ್ಲುವುದು, ಮತ್ತೆ ತುಂಬುವುದು. ನಲವತ್ತೊಂದು ಡಿಗ್ರಿಯ ಮಧ್ಯಾಹ್ನ ಅವನ ಬೆರಳುಗಳು ಮರಗಟ್ಟಿ ಬಿಳಿಚಿದ್ದವು. ಮುತ್ತಮ್ಮ ಆಗಾಗ ಬಾಗಿ ಅವನ ಕೂದಲಿಗೆ ಬಿಸಿ ಉಸಿರು ಊದುತ್ತಿತ್ತು. ಅದಕ್ಕೆ ಕೋಪವಿರಲಿಲ್ಲ. ಗೌತಮಿಗೆ ಅದನ್ನು ನೋಡುವುದೇ ಕಷ್ಟವಾಯಿತು.

ಹೇಳಿಬಿಡಬೇಕು ಎಂದು ಎರಡು ಸಲ ಹತ್ತಿರ ಹೋದಳು. ಎರಡು ಸಲವೂ ಕಾಫಿ ಕೊಟ್ಟು ಬಂದಳು.

ಮೂರನೆಯ ಮಧ್ಯಾಹ್ನ ವೆಟ್ ಬಂದು ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ಬೂದುಬಣ್ಣದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಸೋಮಶೇಖರ ಟೋಪಿಯನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದ.

ಮೂಳೆ ಅಲುಗಿರಲಿಲ್ಲ.

ಬದುಕುತ್ತಾಳೆ, ಎಂದರು ವೆಟ್. ಆದರೆ ಇನ್ನು ಪ್ರಯಾಣ ಬೇಡ. ಇರುವಷ್ಟು ದಿನ ಈ ಮೆತ್ತನೆಯ ಮರಳಿನ ಮೇಲೆಯೇ ಇರಲಿ.

ರತ್ನಾ ಆಂಟಿ ಸರಸರನೆ ವೆಟ್‌ರನ್ನು ಬೀಳ್ಕೊಡಲು ಹೊರಟರು. ಅಷ್ಟು ಅವಸರದಲ್ಲಿ ಅವರು ನಡೆದದ್ದನ್ನು ಯಾರೂ ನೋಡಿರಲಿಲ್ಲ.

ಸೋಮಶೇಖರ ಮುತ್ತಮ್ಮನ ಕತ್ತಿಗೆ ಹಣೆ ಒತ್ತಿ ನಿಂತಿದ್ದ. "ಸಾಕು. ಬದುಕಿದಳಲ್ಲ, ಅಷ್ಟು ಸಾಕು," ಎಂದ. "ನನ್ನ ಫಾರ್ಮ್ ಹರಿದುಹಾಕಿ ಗೌತಮಿ. ನನಗೆ ಕುದುರೆ ಕೇಳೋ ಯೋಗ್ಯತೆ ಇಲ್ಲ."

"ರೂಲ್ ಇರೋದು ಮೂರು ಸಲ," ಎಂದಳು ಗೌತಮಿ.

"ಏನು?"

"ಮೂರೇ ಸಲ ಬರ್ಬೇಕಾಗಿದ್ದು. ಮೂರನೇ ಸಲವೇ ನೀವು ಪಾಸು. ಅವತ್ತೇ ನಿಮ್ಮ ಕೈಗೆ ಇದನ್ನ ಕೊಡ್ಬೇಕಿತ್ತು." ಅವಳು ಜೇಬಿನಿಂದ ಮಡಿಸಿದ ಪಟ್ಟಿ ತೆಗೆದು ಚಾಚಿದಳು. "ಕೊಟ್ಟಿದ್ರೆ ನೀವು ಬೆಲ್ಲ ಕೊಡ್ತಿರಲಿಲ್ಲ. ತಪ್ಪು ನಂದೂ ಇದೆ. ನಂದೇ ಜಾಸ್ತಿ."

ಅವನು ಮೊದಲ ಸಾಲು ಓದಿದ. ತನ್ನ ಹೆಸರನ್ನೂ, ಅದರ ಪಕ್ಕದ ತಾರೀಖನ್ನೂ ನೋಡಿದ. ಅಕ್ಟೋಬರ್ ತಿಂಗಳದು. ಅವನ ಮುಖದ ಮೇಲೆ ನೋವು ಹಾದುಹೋಯಿತು. ಅದನ್ನು ಅವಳು ಕಣ್ಣು ತಪ್ಪಿಸದೆ ನೋಡಿದಳು.

"ಯಾಕೆ ಕೊಡ್ಲಿಲ್ಲ?"

"ಕುದುರೆ ಸಿಕ್ಕಿದ್ರೆ ನೀವು ಬರಲ್ಲ ಅಂತ."

ದೂರದಲ್ಲಿ ನೀರಿನ ಪಂಪು ತಟಪಟ ಎನ್ನುತ್ತಿತ್ತು. ಅವನು ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ನಂಗೆ ಅದು ಬರಲ್ಲ. ಈಗ ಹೇಳ್ತಿರೋದೇ ಮೊದಲು."

"ಕೋಪ ಬರ್ತಿದೆ ನನಗೆ," ಎಂದ ಅವನು. ಆದರೆ ಸ್ವರ ಮೆತ್ತಗಾಗಿತ್ತು. "ನಿಮ್ಮ ಮೇಲಲ್ಲ, ನನ್ನ ಮೇಲೆ. ನಾಲ್ಕನೇ ಸಲ ಬರುವಾಗ ದಾರೀಲಿ ಮುತ್ತಮ್ಮನ ಬಗ್ಗೆ ಒಂದು ಸಲವೂ ಯೋಚನೆ ಬರಲಿಲ್ಲ. ಬರೀ ನೀವೇ. ನಾನಾದ್ರೂ ಬಾಯಿ ಬಿಡಬಹುದಿತ್ತಲ್ಲ? ಕುದುರೆ ನೆಪ ಹಿಡ್ಕೊಂಡು ಓಡಾಡ್ದೆ."

"ಮುತ್ತಮ್ಮನ ಎದುರಿಗೇ ಹೇಳ್ತಿದ್ದೀರಾ ಇದನ್ನ?"

"ಅವಳಿಗೆ ಮೊದಲೇ ಗೊತ್ತು. ಅವಳ ಹತ್ರ ಮಾತ್ರ ಹೇಳ್ಕೊಂಡಿದ್ದೆ."

ಗೌತಮಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಮುಖ ಮರೆಸಲು ಬೂಟಿನ ದಾರದ ಕಡೆ ಬಾಗಲಿಲ್ಲ ಈ ಸಲ.

"ನಿಮ್ಮ ಅರ್ಜಿ ರಿಜೆಕ್ಟ್," ಎಂದಳು ಕಣ್ಣೊರೆಸಿಕೊಂಡು. "ಮುತ್ತಮ್ಮ ಎಲ್ಲೂ ಹೋಗಲ್ಲ. ನೋಡ್ಬೇಕು ಅನ್ನಿಸಿದ್ರೆ ನೀವೇ ಇಲ್ಲಿಗೆ ಬರ್ಬೇಕು."

"ಬರ್ತೀನಿ. ಗಣಿಯಿಂದ ಇಳಿದ್ರೆ ಸೀದಾ ಇಲ್ಲಿಗೇ."

"ಬರಿಗೈಯಲ್ಲಿ."

"ಬರಿಗೈಯಲ್ಲೇ," ಎಂದು ಅವನು ಎರಡೂ ಅಂಗೈ ಬಿಡಿಸಿ ತೋರಿಸಿದ.

ಮೂರು ದಿನ ಐಸಿನಲ್ಲಿ ಮುಳುಗಿದ ಕೈಗಳು ಸುಕ್ಕುಗಟ್ಟಿದ್ದವು. ಗೌತಮಿ ಅವುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ತಣ್ಣಗಿದ್ದವು. ಬೆಚ್ಚಗಾಗಲು ಸಾಕಷ್ಟು ಹೊತ್ತೇ ಹಿಡಿಯಿತು. ಬೆಚ್ಚಗಾದ ಮೇಲೂ ಅವಳು ಬಿಡಲಿಲ್ಲ.